ಚಾನೆಲ್ 16 ಕೇಳಲು ಕೊನೆಗೆ ಕೈಹಿಡಿದದ್ದು ಹಳೆ ಟ್ಯಾಕ್ಸಿ ಸೆಟ್

ಗುಜರಿಯಿಂದ ತಂದ ಮೊಟೊರೋಲಾ ಜಿಎಂ300 ವಯರ್‌ಲೆಸ್ ಸೆಟ್ಟಿನಲ್ಲಿ ಮರೈನ್ ಚಾನೆಲ್ 16, ಅಂದರೆ ಹಡಗು ದೋಣಿಗಳ ರೇಡಿಯೊ ಚಾನೆಲ್, ಹಗಲೂ ರಾತ್ರಿ ಕೇಳುತ್ತೇನೆ ಎಂದಾಗ ನಮ್ಮ ಹಾಮ್ (ಹವ್ಯಾಸಿ ರೇಡಿಯೊ) ಗೆಳೆಯರು ನಕ್ಕರು. "ಎಸ್‌ಡಿಆರ್ (ಕಂಪ್ಯೂಟರಿನಲ್ಲಿ ಓಡುವ ಸಾಫ್ಟ್‌ವೇರ್ ರೇಡಿಯೊ) ಕಾಲದಲ್ಲಿ ಈ ಕಬ್ಬಿಣದ ಪೆಟ್ಟಿಗೆ ಯಾಕೆ ಮಾರಾಯಾ?" ಎಂದು ಕೇಳಿದವರೇ ಜಾಸ್ತಿ. ಈಗ ಅವರಲ್ಲೇ ಇಬ್ಬರು ಅದೇ ಸೆಟ್ ಹುಡುಕುತ್ತಿದ್ದಾರೆ. ಹಾಗಾಗಿ ಒಮ್ಮೆ ಬರೆದುಬಿಡುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ಪೊಲೀಸ್ ಮತ್ತು ಅಗ್ನಿಶಾಮಕ ದಳದ ವಯರ್‌ಲೆಸ್ ವಿಷಯ ನನ್ನನ್ನು ಕೇಳಬೇಡಿ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಕದ್ದು ಕೇಳುವುದಕ್ಕೆ ಮೂರು ವರ್ಷದವರೆಗೆ ಜೈಲು, ಎರಡು ಕೋಟಿವರೆಗೆ ದಂಡ ಇದೆ. ನನಗೆ ಬೇಕಾದದ್ದು ಎರಡೇ. ಒಂದು, 156.8 ಮೆಗಾಹರ್ಟ್ಸ್, ಅಂದರೆ ಚಾನೆಲ್ 16. ಸಮುದ್ರದಲ್ಲಿ ಆಪತ್ತು ಬಂದರೆ ಯಾರಾದರೂ ಕೇಳಲಿ ಎಂದೇ ಇಟ್ಟಿರುವ ಚಾನೆಲ್ ಅದು. ಇನ್ನೊಂದು, ಮಳೆಗಾಲದಲ್ಲಿ ನಮ್ಮ ಹಾಮ್‌ಗಳೇ 145 ಮೆಗಾಹರ್ಟ್ಸ್ ಸುತ್ತ ನಡೆಸುವ ಎರಡು ಮೀಟರ್ ನೆಟ್, ಅಂದರೆ ಒಂದೇ ಚಾನೆಲ್‌ನಲ್ಲಿ ಎಲ್ಲರೂ ಸೇರಿ ಮಾತಾಡುವ ಕೂಟ. ಹಾಮ್ ಲೈಸೆನ್ಸ್ ಇಲ್ಲದವರು ಇಂಥ ಸೆಟ್ಟನ್ನು ಮನೆಯಲ್ಲಿ ಇಡುವ ಗೋಜಿಗೇ ಹೋಗಬೇಡಿ.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ, ಗುಡ್ಡೆಯ ನೆತ್ತಿಯಲ್ಲಿ. ಸಮುದ್ರ ಹತ್ತು ಹದಿನೈದು ಕಿಲೋಮೀಟರ್ ಆಚೆ. ಇಷ್ಟು ಎತ್ತರ ಇದ್ದರೆ ಯಾವ ರೇಡಿಯೊ ಇಟ್ಟರೂ ಕೇಳಬೇಕು ಅಲ್ವಾ? ಐದು ವ್ಯಾಟಿನ ಚೀನಾ ಹ್ಯಾಂಡಿ (ಕೈಯಲ್ಲಿ ಹಿಡಿಯುವ ವಾಕಿಟಾಕಿ) ಮೊದಲೇ ಇತ್ತು. ಅದರ ರಬ್ಬರ್ ಆಂಟೆನಾದಲ್ಲಿ ಸ್ವಲ್ಪ ಕೇಳುತ್ತಿತ್ತು. ಹೊರಗಿನ ಆಂಟೆನಾ ಜೋಡಿಸಿದ್ದೇ ತಡ, ಪೂರ್ತಿ ಕಿವುಡಾಯಿತು. ಆಂಟೆನಾ ದೊಡ್ಡದಾದಷ್ಟೂ ಊರಿನ ಎಲ್ಲಾ ಎಫ್‌ಎಂ, ಎಲ್ಲಾ ಟವರ್ ಒಳಗೆ ನುಗ್ಗುತ್ತವೆ. ಅದರ ಫ್ರಂಟ್ ಎಂಡ್‌ಗೆ, ಅಂದರೆ ಆಂಟೆನಾದಿಂದ ಬಂದದ್ದನ್ನು ಮೊದಲು ಹಿಡಿಯುವ ಭಾಗಕ್ಕೆ, ಅಷ್ಟು ತಡೆದುಕೊಳ್ಳುವ ಶಕ್ತಿ ಇಲ್ಲ.

ಆಮೇಲೆ ಆರ್‌ಟಿಎಲ್ ಡಾಂಗಲ್, ಲ್ಯಾಪ್‌ಟಾಪಿಗೆ ಚುಚ್ಚುವ ಪುಟ್ಟ ಎಸ್‌ಡಿಆರ್. ಮೂರೂವರೆ ಸಾವಿರ ಇರಬೇಕು. ಸಿಗ್ನಲ್‌ಗಳು ಪರದೆಯ ಮೇಲೆ ಬಣ್ಣದಲ್ಲಿ ಇಳಿಯುವ ವಾಟರ್‌ಫಾಲ್ ನೋಡಲು ಬಹಳ ಚಂದ. ಸಿಗ್ನಲ್ ಸಾಲದು ಎಂದು ಎರಡು ಸಾವಿರ ಕೊಟ್ಟು ಎಲ್‌ಎನ್‌ಎ (ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್) ತರಿಸಿದೆ. ಅದನ್ನು ಹಾಕಿದ ಮೇಲೆ ಮಂಗಳೂರಿನ ಎಫ್‌ಎಂ ಹಾಡು 156.8ರಲ್ಲೇ ಕೇಳತೊಡಗಿತು! ಎಂಟು ಬಿಟ್‌ನ ಡಾಂಗಲ್, ಎದುರಿಗೆ ಫಿಲ್ಟರ್ ಇಲ್ಲ, ಹಾಗೇ ಆಗುವುದು. ಗೇಯ್ನ್ (ಹಿಗ್ಗಿಸುವ ಪ್ರಮಾಣ) ಇಳಿಸಿದರೆ ಹಾಡು ಹೋಗುತ್ತದೆ, ಜತೆಗೆ ದೋಣಿಯವರ ಮಾತೂ ಹೋಗುತ್ತದೆ. ಮೇಲಿಂದ ಇಡೀ ರಾತ್ರಿ ಲ್ಯಾಪ್‌ಟಾಪ್ ಓಡಬೇಕು. ಆಟಿ ತಿಂಗಳಲ್ಲಿ ನಮ್ಮೂರಿನ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ.

ಗಲ್ಫಿನಿಂದ ಬಂದ ಸ್ನೇಹಿತರೊಬ್ಬರ ಸ್ಕ್ಯಾನರನ್ನೂ, ಅಂದರೆ ಚಾನೆಲ್‌ಗಳನ್ನು ಒಂದೊಂದಾಗಿ ಹುಡುಕುತ್ತಾ ಹೋಗುವ ರೇಡಿಯೊವನ್ನೂ, ಕೆಲವು ವಾರ ಇಟ್ಟುಕೊಂಡಿದ್ದೆ. ನೂರಾರು ಚಾನೆಲ್ ಹಾಕಬಹುದು. ಹಾಕಿ ಏನು ಮಾಡುವುದು? ಅದು ಸುತ್ತು ಹಾಕಿ ಬರುವಷ್ಟರಲ್ಲಿ ಕರೆದವನ ಮೊದಲ ಮಾತು ಮುಗಿದಿರುತ್ತದೆ. ಎಲ್‌ಇಡಿ ಬಲ್ಬಿನ ಗದ್ದಲ ಸಿಕ್ಕಿದರೆ ಅಲ್ಲೇ ನಿಂತುಬಿಡುತ್ತದೆ. ಒಂಬತ್ತು ಸಾವಿರಕ್ಕೆ ಕೊಡುತ್ತೇನೆ ಎಂದರು. ಬೇಡ ಎಂದೆ.

ಇಷ್ಟಾದ ಮೇಲೆ ನನ್ನ ತಲೆಗೆ ಬಂದದ್ದು ಒಂದೇ ವಿಷಯ. ಎಷ್ಟು ಫ್ರೀಕ್ವೆನ್ಸಿ ಹಿಡಿಯುತ್ತದೆ ಎಂದು ನೋಡಿ ರೇಡಿಯೊ ಆರಿಸಬಾರದು. ಬೇಡದ್ದನ್ನು ಎಷ್ಟು ಚೆನ್ನಾಗಿ ಹೊರಗಿಡುತ್ತದೆ ಎಂದು ನೋಡಬೇಕು. ಟ್ಯಾಕ್ಸಿ, ಕ್ವಾರಿ, ಎಸ್ಟೇಟ್‌ಗಳಿಗೆಂದು ತಯಾರಾದ ಹಳೆ ಮೊಬೈಲ್ ಸೆಟ್‌ಗಳು ಅಲ್ಲಿ ಗೆಲ್ಲುತ್ತವೆ. ಒಂದೇ ಬ್ಯಾಂಡ್, ಎದುರಿಗೆ ಗಟ್ಟಿ ಫಿಲ್ಟರ್, ಪಕ್ಕದ ಚಾನೆಲ್‌ಗೆ ಎಪ್ಪತ್ತು ಡಿಬಿ (ಡೆಸಿಬೆಲ್) ಆಸುಪಾಸು ತಡೆ. ಸೂಕ್ಷ್ಮತೆ, ಅಂದರೆ ಕೇಳಬಲ್ಲ ಅತಿ ಸಣ್ಣ ಸಿಗ್ನಲ್, ಕಾಲು ಮೈಕ್ರೊವೋಲ್ಟ್ ಹತ್ತಿರ. ಹೊಸ ಸೆಟ್ಟಿನಲ್ಲಿ ಇದನ್ನೆಲ್ಲಾ ಕೊಳ್ಳಲು ಹೋದರೆ ಕಿಸೆ ಹರಿಯುತ್ತದೆ. ಹಳೆಯದು ಸಾವಿರದೈನೂರಕ್ಕೆ ಸಿಕ್ಕಿತು, ಮೈಕ್ ಇರಲಿಲ್ಲ. ಮೈಕ್ ನನಗೆ ಬೇಡವೂ ಬೇಡ.

ಮೊದಲು ತಂದದ್ದು ಉಪಯೋಗಕ್ಕೆ ಬರಲಿಲ್ಲ. ಅದು 12.5 ಕಿಲೊಹರ್ಟ್ಸ್ ಅಗಲದ ಚಾನೆಲ್‌ಗಳ ಸೆಟ್. ಮರೈನ್‌ನವರದು 25, ಡೀವಿಯೇಷನ್ (ಮಾತಿಗೆ ತಕ್ಕಂತೆ ಫ್ರೀಕ್ವೆನ್ಸಿ ಆಚೀಚೆ ಸರಿಯುವುದು) ಐದು ಕಿಲೊಹರ್ಟ್ಸ್‌ವರೆಗೆ. ಜೋರಾಗಿ ಮಾತಾಡಿದವನ ಸ್ವರ ಹರಿದು ಬರುತ್ತಿತ್ತು. ಮಾರಿದ ಅಂಗಡಿಯವನು "ಎಲ್ಲಾ ಒಂದೇ" ಎಂದಿದ್ದ. ವಾಪಸ್ ತೆಗೆದುಕೊಳ್ಳಲಿಲ್ಲ. ಸಾವಿರದ ಇನ್ನೂರು ಹೋಯಿತು. ಎರಡನೆಯದು 25ರದ್ದು, 146ರಿಂದ 174 ಮೆಗಾಹರ್ಟ್ಸ್‌ವರೆಗೆ ಹಿಡಿಯುವ ಮಾದರಿ. ನಮ್ಮ ಹಾಮ್ ನೆಟ್‌ನ 145 ಅದರ ಲೆಕ್ಕಕ್ಕೆ ಸ್ವಲ್ಪ ಕೆಳಗೆ, ಆದರೂ ಲಾಕ್ ಆಗುತ್ತದೆ, ಅಂದರೆ ಆ ಫ್ರೀಕ್ವೆನ್ಸಿಯಲ್ಲಿ ಸರಿಯಾಗಿ ನಿಲ್ಲುತ್ತದೆ.

ಪ್ರೋಗ್ರಾಮಿಂಗ್ ಮಾತ್ರ ತಲೆನೋವು. ಜಿಎಂ300ರ ಸಾಫ್ಟ್‌ವೇರ್ ಡಾಸ್ ಕಾಲದ್ದು. ಯುಎಸ್‌ಬಿ ಸೀರಿಯಲ್ ಕೇಬಲ್ ಅದಕ್ಕೆ ಲೆಕ್ಕಕ್ಕಿಲ್ಲ. ವೇಗದ ಕಂಪ್ಯೂಟರ್ ಆದರೂ ಅದಕ್ಕೆ ಆಗುವುದಿಲ್ಲ. ಮುಚ್ಚಿಹೋದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದ ಡೆಸ್ಕ್‌ಟಾಪ್ ಮುನ್ನೂರು ರೂಪಾಯಿಗೆ ತಂದೆ. ಹಳೆ ಕಾಲದ ಸೀರಿಯಲ್ ಕಾಂ ಪೋರ್ಟ್ ಇತ್ತು, ಅದೇ ಭಾಗ್ಯ. ಕಂಪ್ಯೂಟರಿಗೂ ಸೆಟ್ಟಿಗೂ ನಡುವೆ ಬೇಕಾದ ರಿಬ್ ಬಾಕ್ಸನ್ನು ನಾನೇ ವೆರೋ ಬೋರ್ಡಿನಲ್ಲಿ (ತೂತುಗಳಿರುವ ಸರ್ಕ್ಯೂಟ್ ಹಲಗೆ) ಬೆಸೆದೆ. ಟ್ರಾನ್ಸ್‌ಮಿಟ್ ಫ್ರೀಕ್ವೆನ್ಸಿಯ ಜಾಗವನ್ನು ಖಾಲಿ ಬಿಟ್ಟೆ. ಮಗು ಬಂದು ಗುಂಡಿ ಒತ್ತಿದರೂ ಏನೂ ಹೊರಗೆ ಹೋಗುವುದಿಲ್ಲ.

ಸೆಟ್ ಕೆಲಸಕ್ಕೆ ಬಂದದ್ದು 2025ರ ಜೂನ್ ಆರಂಭದಲ್ಲಿ. ಏನೂ ಕೇಳಲಿಲ್ಲ! ಒಂದೆರಡು ದೊಡ್ಡ ಹಡಗುಗಳು ಮಂಗಳೂರಿನ ಪಣಂಬೂರು ಬಂದರನ್ನು ಕರೆದದ್ದು ಬಿಟ್ಟರೆ ಮೌನ. ಜೂನ್ 9ರಂದು ಕಣ್ಣೂರು ಕರಾವಳಿಯಿಂದ ಸುಮಾರು 80 ಕಿಲೋಮೀಟರ್ ಆಚೆ ವಾನ್ ಹೈ 503 ಹಡಗಿಗೆ ಬೆಂಕಿ ಬಿತ್ತಲ್ಲ, ಅದರಲ್ಲಿದ್ದ 22 ಮಂದಿಯಲ್ಲಿ 18 ಮಂದಿಯನ್ನು ಮಂಗಳೂರಿಗೆ ಕರೆತಂದರಲ್ಲ, ಆ ದಿನವೂ ನನಗೆ ಕೇಳಿದ್ದು ಸೊನ್ನೆ. ಗೆಳೆಯರಿಗೆ ನಗಲು ಇಷ್ಟು ಸಾಕಾಯಿತು.

ಆದರೆ ಲೆಕ್ಕ ಹಾಕಿ ನೋಡಿ. ಮೀಟರಿನಲ್ಲಿ ಆಂಟೆನಾದ ಎತ್ತರದ ವರ್ಗಮೂಲವನ್ನು ನಾಲ್ಕರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ವಿಎಚ್‌ಎಫ್ (ಮರೈನ್ ಚಾನೆಲ್‌ಗಳಿರುವ ರೇಡಿಯೊ ಪಟ್ಟಿ) ಮುಟ್ಟುವ ದೂರ, ಸುಮಾರಾಗಿ. ನನ್ನ ಆಂಟೆನಾ ಸಮುದ್ರಮಟ್ಟದಿಂದ ನೂರು ಮೀಟರ್ ಎಂದರೆ ನಲವತ್ತು. ಹಡಗಿನದು ಮೂವತ್ತು ಮೀಟರ್ ಎಂದರೆ ಇನ್ನೊಂದು ಇಪ್ಪತ್ತೆರಡು. ಒಟ್ಟು ಅರವತ್ತು ಚಿಲ್ಲರೆ. ವಾನ್ ಹೈ ಅದಕ್ಕಿಂತ ಎಷ್ಟೋ ದೂರ. ಯಾವ ರೇಡಿಯೊ ತಂದರೂ ಅದು ಕೇಳುತ್ತಿರಲಿಲ್ಲ. ಇನ್ನು ದೋಣಿಗಳು? ಜೂನ್, ಜುಲೈ ಟ್ರಾಲಿಂಗ್ ನಿಷೇಧ. ಬೋಟುಗಳೆಲ್ಲ ದಡದಲ್ಲಿ. ಆಗಸ್ಟ್ 1 ಬಂತು ನೋಡಿ, ಸಂಜೆಯಿಂದ ಸೆಟ್ಟಿಗೆ ಬಿಡುವೇ ಇಲ್ಲ. ನಕ್ಕವರನ್ನು ಮನೆಗೆ ಕರೆದು ಚಹಾ ಕೊಟ್ಟು ಕೇಳಿಸಿದೆ.

ಆಂಟೆನಾ ಮಾಮೂಲಿ ಕ್ವಾರ್ಟರ್ ವೇವ್ ಗ್ರೌಂಡ್ ಪ್ಲೇನ್, ಅಂದರೆ ಅಲೆಯ ಉದ್ದದ ಕಾಲು ಭಾಗದಷ್ಟಿನ ನೆಟ್ಟ ಕಡ್ಡಿ. ಮಧ್ಯದ ಕಡ್ಡಿ ನಲವತ್ತೈದೂವರೆ ಸೆಂಟಿಮೀಟರ್, ಅದರ ಬುಡದಲ್ಲಿ ನಾಲ್ಕು ದಿಕ್ಕಿಗೆ ಕೆಳಗೆ ಬಾಗಿಸಿದ ನಾಲ್ಕು ಕಡ್ಡಿ (ರೇಡಿಯಲ್). ಹೇಳಬೇಕಾದದ್ದು ಕೇಬಲ್ ವಿಷಯ. ಎಲ್ಲರೂ ಆರ್‌ಜಿ58 ಎಂಬ ಆಂಟೆನಾ ಕೇಬಲ್ ಎಳೆಯುತ್ತಾರೆ. ಮೂವತ್ತು ಮೀಟರಿಗೆ ಅದರಲ್ಲಿ ಆರು ಡಿಬಿ ಹತ್ತಿರ ಸೋರಿಹೋಗುತ್ತದೆ. ಡಿಶ್ ಟಿವಿಗೆ ಹಾಕುವ ಆರ್‌ಜಿ6 ಮೀಟರಿಗೆ ಹದಿನೈದು ಇಪ್ಪತ್ತು ರೂಪಾಯಿ, ನಷ್ಟ ಅರ್ಧಕ್ಕಿಂತ ಕಡಿಮೆ. 75 ಓಮ್ ಎಂದು ಹೆದರಬೇಡಿ, ಕೇಳಲು ಮಾತ್ರ ಆದರೆ ಏನೂ ಆಗುವುದಿಲ್ಲ. ಕನೆಕ್ಟರಿಗೆ ನೀರು ಹೋಗದ ಹಾಗೆ ಸುತ್ತುವ ಕ್ರಮ ನನ್ನದೇ ಒಂದಿದೆ, ಎರಡು ಮಳೆಗಾಲ ದಾಟಿದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದರೆ ತೋರಿಸುತ್ತೇನೆ.

ಸಿಡಿಲಿನದು ಬೇರೆಯೇ ಗೋಳು. ನಮ್ಮ ಮುರಕಲ್ಲಿನ ನೆಲದಲ್ಲಿ ಅರ್ಥಿಂಗ್ ಸಿಗುವುದೇ ಇಲ್ಲ. ಇದ್ದಲು, ಉಪ್ಪು ಹಾಕಿ ಆಳದ ಗುಂಡಿ ಮಾಡಿ, ಬಚ್ಚಲ ನೀರನ್ನು ಅದರ ಬುಡಕ್ಕೇ ಬಿಟ್ಟಿದ್ದೇನೆ. ಸಿಡಿಲಿನ ಹೊಡೆತವನ್ನು ನೆಲಕ್ಕೆ ತಿರುಗಿಸುವ ಗ್ಯಾಸ್ ಟ್ಯೂಬ್ ಅರೆಸ್ಟರ್ ಕೂಡ ಇದೆ. ಆದರೂ ಅಕ್ಟೋಬರಿನಲ್ಲಿ ಪೂರ್ವದಲ್ಲಿ ಗುಡುಗು ಕೇಳಿದರೆ ಕೇಬಲ್ ಕಿತ್ತು ಅಂಗಳಕ್ಕೆ ಎಸೆಯುತ್ತೇನೆ. ಧೈರ್ಯ ಅಷ್ಟೇ ಇರುವುದು.

ಕರೆಂಟಿಗೆ ಒಂದು 12 ವೋಲ್ಟಿನ ಯುಪಿಎಸ್ ಬ್ಯಾಟರಿ. ಸೆಟ್ ಸುಮ್ನೆ ಕೇಳುತ್ತಾ ಕೂತರೆ ಅರ್ಧ ಆಂಪಿಯರ್ ಕೂಡ ಎಳೆಯುವುದಿಲ್ಲ, ರಾತ್ರಿ ಪೂರ್ತಿ ಸಾಕು. ಬ್ಯಾಟರಿಯಿಂದ ಇನ್ನೊಂದು ಲಾಭ, ಅಡಾಪ್ಟರಿನ ಗುಂಯ್ ಶಬ್ದ ಇಲ್ಲ. ಬ್ಯಾಟರಿ, ಕೇಬಲ್, ಪೈಪ್ ಎಲ್ಲಾ ಸೇರಿ ನಾಲ್ಕು ಸಾವಿರದ ಒಳಗೆ ಮುಗಿಯಿತು. ಅದಕ್ಕೂ ಮೊದಲು ಹಾಳಾದದ್ದು ಅದಕ್ಕಿಂತ ಜಾಸ್ತಿ, ಅದನ್ನು ಮನೆಯಲ್ಲಿ ಹೇಳಿಲ್ಲ.

ಡಾಂಗಲನ್ನು ಎಸೆದಿಲ್ಲ. ಅದರ ಆಂಟೆನಾ ಕೇಬಲಿನ ನಡುವಿನ ಟಿ ಕನೆಕ್ಟರಿಗೆ ಆರ್‌ಜಿ6ರ ಅರುವತ್ತೆರಡು ಸೆಂಟಿಮೀಟರ್ ತುಂಡು ಹಾಕಿ, ತುದಿ ತೆರೆದೇ ಬಿಟ್ಟೆ. ನೂರು ಮೆಗಾಹರ್ಟ್ಸ್ ಸುತ್ತಿನ ಎಫ್‌ಎಂಗೆ ಅದು ಒಳ್ಳೆ ತಡೆ. ಉದ್ದ ಸ್ವಲ್ಪ ಜಾಸ್ತಿ ಇಟ್ಟು, ಚೂರು ಚೂರೇ ಕತ್ತರಿಸುತ್ತಾ ಬನ್ನಿ. ಎಲ್‌ಎನ್‌ಎ ತೆಗೆದ ಮೇಲೆ ಡಾಂಗಲ್ ಈಗ 161.975 ಮತ್ತು 162.025ರ ಎಐಎಸ್, ಅಂದರೆ ಹಡಗುಗಳು ತಾವಿರುವ ಜಾಗ ತಿಳಿಸುವ ಸಿಗ್ನಲ್, ಹಿಡಿಯುತ್ತದೆ. ಯಾವ ಹಡಗು ಎಲ್ಲಿದೆ ಎಂದು ನಕ್ಷೆಯಲ್ಲೇ ಕಾಣುತ್ತದೆ. ಅಮೆರಿಕದ ನೋವಾ ಹವಾಮಾನ ಉಪಗ್ರಹಗಳ ಮೋಡದ ಚಿತ್ರಗಳನ್ನೂ ತೆಗೆಯುತ್ತಿದ್ದೆ. ನೋವಾ 15, 18, 19 ಮೂರೂ 2025ರಲ್ಲಿ ನಿಂತವು. ಈಗ ರಷ್ಯಾದ ಮೀಟಿಯರ್ ಉಪಗ್ರಹ, 137.9ರಲ್ಲಿ. ಚಿತ್ರ ಇನ್ನೂ ಚಂದ, ಆದರೆ ಸಿಗ್ನಲ್ ಸ್ವಲ್ಪ ಹೋದರೂ ಪಟ್ಟಿ ಪಟ್ಟಿಯೇ ಮಾಯ.

ಮೇ ಡೇ, ಅಂದರೆ ಪ್ರಾಣಾಪಾಯದ ಕರೆ, ಕೇಳಿದರೆ ಏನು ಮಾಡುತ್ತೀರಿ ಎಂದು ಎಲ್ಲರೂ ಕೇಳುತ್ತಾರೆ. ಸಮಯ, ದೋಣಿಯ ಹೆಸರು, ಹೇಳಿದ ಜಾಗ ಬರೆದುಕೊಳ್ಳುತ್ತೇನೆ. ಕೋಸ್ಟ್ ಗಾರ್ಡ್ ಉತ್ತರಿಸಿದರೆ ನನ್ನ ಕೆಲಸ ಮುಗಿಯಿತು. ಯಾರೂ ಉತ್ತರಿಸದಿದ್ದರೆ ಅವರ 1554ಕ್ಕೆ ಫೋನ್, ಇಲ್ಲವೇ ಕರಾವಳಿ ಪೊಲೀಸರ 1093ಕ್ಕೆ. ಇವೆರಡನ್ನೂ ಸೆಟ್ಟಿನ ಮೇಲೆಯೇ ಬರೆದು ಅಂಟಿಸಿದ್ದೇನೆ. ಬೇರೆ ಮಾತು ಏನೇ ಕೇಳಿದರೂ ಹೊರಗೆ ಹೇಳುವುದಿಲ್ಲ.

ಮುಂದಿನ ಕೆಲಸ ಚಾನೆಲ್ 70, ಅಂದರೆ 156.525ರ ಡಿಎಸ್‌ಸಿ (ಡಿಜಿಟಲ್ ಆಗಿ ಹೋಗುವ ಕರೆ). ಆಪತ್ತಿನ ಗುಂಡಿ ಒತ್ತಿದರೆ ಅಲ್ಲಿ ಬರುವುದು ಮಾತಲ್ಲ, 1300 ಮತ್ತು 2100 ಹರ್ಟ್ಸ್‌ನ ಎರಡು ಸ್ವರ. ಕಂಪ್ಯೂಟರಿನ ಸೌಂಡ್ ಕಾರ್ಡಿನಿಂದ ಓದಿಸಬಹುದು, ಆದರೆ ಸ್ಪೀಕರಿನಿಂದ ಅಲ್ಲ, ಸೆಟ್ಟಿನೊಳಗೆ ಸಿಗ್ನಲ್ಲಿನಿಂದ ಧ್ವನಿ ಬೇರ್ಪಡಿಸುವ ಡಿಸ್ಕ್ರಿಮಿನೇಟರಿನಿಂದಲೇ ಆಡಿಯೊ ತೆಗೆಯಬೇಕು. ಅದಕ್ಕೆಂದೇ ಇನ್ನೊಂದು ಸೆಟ್ ಬೇಕು. ನಿಮ್ಮ ಕಡೆ ಯಾರಲ್ಲಾದರೂ ಮೂಲೆಗೆ ಬಿದ್ದ ಜಿಎಂ300 ಇದ್ದರೆ ತಿಳಿಸಿ. ಎರಡು ಸಾವಿರದವರೆಗೆ ಕೊಡುತ್ತೇನೆ. 12.5ರದ್ದು ಬೇಡ.