ಮೇಷ್ಟ್ರ ದನಿ ತಿದ್ದಲು ಹೋದದ್ದು

ಮೇಷ್ಟ್ರು ತೀರಿಕೊಂಡ ಮೂರನೇ ದಿನ ಒಂದು ಫೋನ್ ಬಂತು. ನುಡಿನಮನ ಇಟ್ಟುಕೊಂಡಿದ್ದೇವೆ, ನೀವು ಹತ್ತು ನಿಮಿಷ ಮಾತಾಡಬೇಕು ಅಂದರು. ಆಯ್ತು ಅಂದೆ. ರಾತ್ರಿ ಕೂತು ಎರಡು ಪುಟ ಬರೆದೆ. ಬೆಳಿಗ್ಗೆ ಎದ್ದು ಓದಿದರೆ ಅದರಲ್ಲಿ ಮೇಷ್ಟ್ರೇ ಇರಲಿಲ್ಲ. ಸರಳ ಜೀವಿ, ಶಿಷ್ಯರ ಪಾಲಿನ ದೇವರು, ಹೋರಾಟವೇ ಉಸಿರು. ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಹೊಂದುವ ಮಾತುಗಳು. ಹದಿನಾಲ್ಕು ವರ್ಷ ಅವರ ಎದುರು ಕೂತು ಹಾಡು ಕಲಿತವನು ನಾನು. ನನಗೆ ಗೊತ್ತಿರೋದು ಇಷ್ಟೇನಾ ಅಂತ ಸಂಕಟವಾಯಿತು.

ಕಾರ್ಯಕ್ರಮವನ್ನು ಮೂರು ತಿಂಗಳು ಮುಂದಕ್ಕೆ ಹಾಕಿ ಅಂತ ಕೇಳಿಕೊಂಡೆ. ಪುಣ್ಯಕ್ಕೆ ಒಪ್ಪಿದರು. ಆ ಮೂರು ತಿಂಗಳಲ್ಲಿ ನಾನು ಏನು ಮಾಡಿದೆ, ಎಲ್ಲಿ ತಪ್ಪಿದೆ ಅನ್ನೋದನ್ನು ಬರೆದಿಡುತ್ತಿದ್ದೇನೆ. ತಮ್ಮ ಗುರುಗಳನ್ನು ಕಳೆದುಕೊಂಡು, ಏನಾದರೂ ಮಾಡಬೇಕು ಅಂತ ಒದ್ದಾಡುತ್ತಿರುವವರಿಗೆ ಉಪಯೋಗವಾದೀತು.

ಅವರು ಹಗಲು ಗಣಿತದ ಮೇಷ್ಟ್ರು. ಸಂಜೆ ಕೂಲಿ ಕೆಲಸದವರಿಗೆ ರಾತ್ರಿ ಶಾಲೆ. ರಜೆ ಬಂದರೆ ಸಂಗೀತ ಪಾಠ. ನಡುವೆ ಧರಣಿ, ಮೆರವಣಿಗೆ, ಮುಷ್ಕರ. ಈ ನಾಲ್ಕೂ ಬೇರೆ ಬೇರೆ ಅಂತ ಅವರಿಗೆ ಯಾವತ್ತೂ ಅನಿಸಿದ ಹಾಗಿರಲಿಲ್ಲ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಪಾಠವನ್ನು ಅವರು ಚಪ್ಪಾಳೆಯಲ್ಲಿ ಮಾಡುತ್ತಿದ್ದರು. ಅರ್ಧ ತರಗತಿ ನಾಲ್ಕು ಎಣಿಕೆಗೊಂದು ಚಪ್ಪಾಳೆ, ಇನ್ನರ್ಧ ಆರು ಎಣಿಕೆಗೊಂದು. ಎರಡೂ ಗುಂಪು ಒಟ್ಟಿಗೆ ತಟ್ಟುವುದು ಎಷ್ಟನೇ ಎಣಿಕೆಗೆ? ನಾಲ್ಕು ಆರಲಿ ಇಪ್ಪತ್ನಾಲ್ಕು ಅಂತ ನಾವೆಲ್ಲ ಕೂಗುತ್ತಿದ್ದೆವು. ಅವರು ಏನೂ ಹೇಳದೆ ಮೇಜಿನ ಮೇಲೆ ಬೆರಳಲ್ಲಿ ಎಣಿಕೆ ಶುರು ಮಾಡೋರು. ಹನ್ನೆರಡಕ್ಕೇ ಇಡೀ ತರಗತಿಯ ಚಪ್ಪಾಳೆ ಒಂದಾಗಿ ಬೀಳೋದು. ಒಂದು ಕ್ಷಣ ಎಲ್ಲರೂ ಸುಮ್ಮನಾಗಿಬಿಡುತ್ತಿದ್ದೆವು. ಆಗ ಅವರ ಮುಖ ನೋಡಬೇಕಿತ್ತು.

ನಾನು ಮೊದಲು ಮಾಡಿದ ಕೆಲಸ ಅವರ ಮನೆಗೆ ಹೋಗಿದ್ದು. ಏನನ್ನೂ ಕೇಳಲು ಹೋಗಲಿಲ್ಲ. ದಯವಿಟ್ಟು ಸದ್ಯಕ್ಕೆ ಯಾವ ಕಾಗದ, ಯಾವ ಕ್ಯಾಸೆಟ್ಟೂ ಬಿಸಾಡಬೇಡಿ ಅಂತಷ್ಟೇ ಹೇಳಿ ಬಂದೆ. ಇದು ಬಹಳ ಮುಖ್ಯ. ದುಃಖದ ಮನೆಯಲ್ಲಿ ಕಪಾಟು ಖಾಲಿ ಮಾಡುವ ಆತುರ ಇರುತ್ತದೆ. ನೋಡಿದಷ್ಟೂ ನೋವು, ಅದಕ್ಕೆ. ಎರಡು ವಾರ ಬಿಟ್ಟು ಅವರ ಮಗಳೇ ಕರೆದು ಒಂದು ಚಪ್ಪಲಿ ಡಬ್ಬ ಕೊಟ್ಟರು. ಒಳಗೆ ಮೂವತ್ತೆಂಟು ಕ್ಯಾಸೆಟ್. ಹತ್ತಕ್ಕೆ ಮಾತ್ರ ಚೀಟಿ ಅಂಟಿಸಿತ್ತು. ಒಂದರ ಮೇಲೆ ಮೇಷ್ಟ್ರ ಕೈಬರಹದಲ್ಲಿ 'ಮೆರವಣಿಗೆ, ಮಳೆ' ಅಂತ ಇತ್ತು. ಅಷ್ಟೇ. ತಾರೀಖಿಲ್ಲ.

ಡಬ್ಬ ನೋಡಿದ ಕೂಡಲೇ ಕ್ಯಾಸೆಟ್ ಹಾಕಿ ಕೇಳಬೇಕು ಅಂತ ಕೈ ತುರಿಸಿತು. ಆದರೂ ತಡೆದುಕೊಂಡೆ. ಮೊದಲು ಹಿರಿಯರ ಹತ್ತಿರ ಹೋದೆ. ಕ್ಯಾಸೆಟ್ ಇನ್ನೊಂದು ತಿಂಗಳು ಕಾಯುತ್ತದೆ, ಎಂಬತ್ತು ದಾಟಿದವರು ಕಾಯುತ್ತಾರೆ ಅನ್ನೋ ಭರವಸೆ ಇಲ್ಲ. ಹೀಗೆ ಹೇಳೋದು ಕಠಿಣ ಅನಿಸಬಹುದು, ಆದರೆ ನನ್ನ ಪಟ್ಟಿಯಲ್ಲಿದ್ದ ಒಬ್ಬರು ನಾನು ಹೋಗೋ ಮುಂಚೆಯೇ ಹೋಗಿಬಿಟ್ಟರು.

ಮೊದಲ ಎರಡು ಮನೆಗಳಲ್ಲಿ 'ಮೇಷ್ಟ್ರು ಹೇಗಿದ್ದರು?' ಅಂತ ಕೇಳಿದೆ. ನಾನು ಬರೆದ ಎರಡು ಪುಟವೇ ವಾಪಸ್ ಬಂತು. ಬಂಗಾರದಂಥ ಮನುಷ್ಯ, ಅಂಥವರು ಇನ್ನು ಹುಟ್ಟಲ್ಲ. ಮೂರನೇ ಮನೆಯಲ್ಲಿ ಪ್ರಶ್ನೆ ಬದಲಿಸಿದೆ. 'ರಾತ್ರಿ ಶಾಲೆಗೆ ಒಳಗೆ ಬಂದ ತಕ್ಷಣ ಮೊದಲು ಏನು ಮಾಡ್ತಿದ್ರು?' ಅಂತ. ಆ ಹಿರಿಯರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ಆಮೇಲೆ, 'ದೀಪದ ಹತ್ತಿರದ ಜಾಗ ಯಾರಿಗೆ ಸಿಕ್ಕಿದೆ ಅಂತ ನೋಡೋರು. ಕಣ್ಣು ಮಂಜಾದವರು ಹಿಂದೆ ಕೂತಿದ್ರೆ ಮುಂದಕ್ಕೆ ಕರೆಯೋರು' ಅಂದರು. ಹದಿನಾಲ್ಕು ವರ್ಷದಲ್ಲಿ ನಾನು ಇದನ್ನು ಗಮನಿಸಿರಲೇ ಇಲ್ಲ.

ಅಲ್ಲಿಂದ ಮುಂದೆ ಅಂಥ ಸಣ್ಣ ಪ್ರಶ್ನೆಗಳನ್ನೇ ಕೇಳಿದೆ. ಕೈಯಲ್ಲಿ ಏನಿರ್ತಿತ್ತು? ಸಿಟ್ಟು ಬಂದರೆ ಏನಂತಿದ್ರು? ಯಾವಾಗ ಸೋತ್ರು? ಉತ್ತರ ಬರುವ ಮುಂಚೆ ಒಂದು ಮೌನ ಇರುತ್ತದೆ. ಅದನ್ನು ತುಂಬಲು ಹೋಗಬಾರದು. ಮೊಬೈಲಿನಲ್ಲೇ ರೆಕಾರ್ಡ್ ಮಾಡಿದೆ, ಕೇಳಿ ಒಪ್ಪಿಗೆ ಪಡೆದೇ. ಮಾತು ಮುಗೀತು ಅಂದಮೇಲೂ ರೆಕಾರ್ಡಿಂಗ್ ಇರಲಾ ಅಂತ ಮೊದಲೇ ಕೇಳಿಟ್ಟುಕೊಳ್ಳುತ್ತಿದ್ದೆ. ಒಳ್ಳೆಯ ಮಾತು ಬರೋದು ಬಾಗಿಲ ತನಕ ಕಳಿಸಲು ಬಂದಾಗಲೇ.

ಒಬ್ಬರ ಹತ್ತಿರ ಹೋಗಲೋ ಬೇಡವೋ ಅಂತ ತುಂಬಾ ಯೋಚಿಸಿದೆ. ಒಂದು ಮುಷ್ಕರದ ವಿಷಯದಲ್ಲಿ ಮೇಷ್ಟ್ರ ಜೊತೆ ಜಗಳ ಆಡಿ ಬೇರೆಯಾದವರು ಅವರು. ಕೊನೆಗೆ ಹೋದೆ. ಎರಡು ಗಂಟೆ ಮಾತಾಡಿದರು. ಮೇಷ್ಟ್ರು ಹಟಮಾರಿ, ಎದುರು ಮಾತು ಸಹಿಸುತ್ತಿರಲಿಲ್ಲ, ಸಭೆಯಿಂದ ಎದ್ದು ಹೋಗಿಬಿಡುತ್ತಿದ್ದರು ಅಂದರು. ಹೌದು, ನನಗೂ ಗೊತ್ತಿತ್ತು. ಹೋರಾಟ ಜೋರಾದಾಗ ವಾರಗಟ್ಟಲೆ ಪಾಠಕ್ಕೆ ಬಾರದೆ ನಮ್ಮನ್ನು ಕಾಯಿಸಿದ್ದೂ ಉಂಟು. ಸಭೆಯಿಂದ ಹಾಗೆ ಎದ್ದು ಹೋದರೂ ಮಾರನೇ ದಿನ ಬೆಳಿಗ್ಗೆ ಆರಕ್ಕೆ ಮೇಷ್ಟ್ರೇ ಬಂದು ಬಾಗಿಲು ತಟ್ಟೋರು ಅಂತಲೂ ಆ ಹಿರಿಯರು ಹೇಳಿದರು. ಆ ಎರಡೂ ಮಾತು ಬರೆದುಕೊಂಡೆ. ಒಂದನ್ನು ಬಿಟ್ಟಿದ್ದರೆ ಇನ್ನೊಂದೂ ಸುಳ್ಳಾಗುತ್ತಿತ್ತು.

ಇನ್ನು ಕ್ಯಾಸೆಟ್ ಕಥೆ. ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ಈಗ ಅದನ್ನು ಕೇಳಿಸುವ ಒಳ್ಳೆಯ ಯಂತ್ರ ಸಿಗೋದೇ ಕಷ್ಟ. ಕಾಂತೀಯ ಟೇಪಿನಲ್ಲಿರುವ ದನಿಗಳನ್ನು 2025ರ ಹೊತ್ತಿಗೆ ಉಳಿಸಿಕೊಳ್ಳದಿದ್ದರೆ ಆಮೇಲೆ ಕಷ್ಟ ಅಂತ ಯುನೆಸ್ಕೋ 2019ರಲ್ಲೇ ಎಚ್ಚರಿಸಿತ್ತು. ಟೇಪ್ ಹಾಳಾಗುವುದು ಒಂದು ಕಡೆ, ಯಂತ್ರ ಮತ್ತು ಅದನ್ನು ರಿಪೇರಿ ಮಾಡುವವರು ಇಲ್ಲವಾಗುವುದು ಇನ್ನೊಂದು ಕಡೆ. ನಾನು ಹಳೇ ಡೆಕ್ ಒಂದನ್ನು ಎರವಲು ತಂದೆ.

ಮೊದಲ ಕ್ಯಾಸೆಟ್ಟೇ ತುಂಡಾಯಿತು. ವರ್ಷಗಟ್ಟಲೆ ಸುತ್ತಿಟ್ಟ ಟೇಪು ಪದರಕ್ಕೆ ಪದರ ಹತ್ತಿಕೊಂಡಿರುತ್ತದೆ. ನೇರವಾಗಿ ಪ್ಲೇ ಒತ್ತಬಾರದು. ಮೊದಲು ಪೂರ್ತಿ ಮುಂದಕ್ಕೆ, ಮತ್ತೆ ಪೂರ್ತಿ ಹಿಂದಕ್ಕೆ ಸುತ್ತಿ ಸಡಿಲ ಮಾಡಿಕೊಳ್ಳಬೇಕು. ತುಂಡಾದ ಟೇಪನ್ನು ಮನೆಯಲ್ಲಿರುವ ಸಾಮಾನ್ಯ ಅಂಟು ಪಟ್ಟಿಯಿಂದ ಜೋಡಿಸಲೂಬಾರದು. ಅದರ ಗೋಂದು ಜಿನುಗಿ ಡೆಕ್ಕಿನಲ್ಲಿ ಟೇಪ್ ಓದುವ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಟೇಪ್ ಜೋಡಿಸಲೆಂದೇ ಬೇರೆ ಪಟ್ಟಿ ಬರುತ್ತದೆ. ನಾಲ್ಕು ಮಿಲಿಮೀಟರ್ ಕೂಡ ಅಗಲ ಇಲ್ಲದ ಆ ರಿಬ್ಬನ್ನನ್ನು ದೀಪದ ಕೆಳಗಿಟ್ಟು, ಎರಡು ತುದಿ ಒಂದಕ್ಕೊಂದು ತಾಗುವ ಹಾಗೆ, ಒಂದರ ಮೇಲೊಂದು ಬರದ ಹಾಗೆ ಕೂರಿಸಲು ನನಗೆ ಅರ್ಧ ರಾತ್ರಿ ಬೇಕಾಯಿತು. ಮತ್ತೆ ದನಿ ಬಂದಾಗ ಮೇಷ್ಟ್ರು ಯಾರನ್ನೋ ಗದರುತ್ತಿದ್ದರು. 'ತಾಳ ಕೈಯಲ್ಲಿರೋದಲ್ಲ ಕಣೋ, ಉಸಿರಲ್ಲಿ ಇಟ್ಕೋ.' ಆ ಯಾರೋ ನಾನೇ ಅಂತ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಕಂಪ್ಯೂಟರಿನಲ್ಲಿ ಅಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರ್ ಬಳಸಿದೆ. 96 ಕಿಲೋಹರ್ಟ್ಜ್, 24 ಬಿಟ್, ವೇವ್ ಫೈಲು, ಅಂದರೆ ದನಿಯನ್ನು ಹಿಂಡದೆ ತುಂಬಾ ವಿವರವಾಗಿ ಹಿಡಿದಿಡುವ ಬಗೆ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಸುಮಾರು 2 ಜಿಬಿ ಆಗುತ್ತದೆ. ಜಾಸ್ತಿ ಅನಿಸಬಹುದು. ಆದರೆ ಇನ್ನೊಮ್ಮೆ ಈ ಟೇಪ್ ಓಡುತ್ತದೋ ಇಲ್ಲವೋ, ಯಾರಿಗೆ ಗೊತ್ತು? ಎಂಪಿ3 ಮಾಡೋದಾದರೆ ಇದರ ನಕಲಿನಿಂದ ಮಾಡಿಕೊಳ್ಳಿ. ಸದ್ದು ತೆಗೆಯೋದು, ಹೊಳಪು ಕೊಡೋದು, ಎಲ್ಲ ನಕಲಿನಲ್ಲೇ. ಮೂಲ ಫೈಲನ್ನು ಮುಟ್ಟಬೇಡಿ. ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಊರಲ್ಲಿಡಿ. ಈ ಶಿಸ್ತು ಮುಂದೆ ನನ್ನನ್ನು ಕಾಪಾಡಿತು.

ಒಂದು ಪಾಠದ ಟೇಪಿನಲ್ಲಿ ವಿಚಿತ್ರ ಆಯಿತು. ಶುರುವಿನಲ್ಲಿ ಮೇಷ್ಟ್ರ ದನಿ ಸರಿಯಾಗಿತ್ತು. ಹೋಗ್ತಾ ಹೋಗ್ತಾ ಶ್ರುತಿ ಏರಿ, ಕೊನೆಗೆ ಮಕ್ಕಳ ದನಿಯ ಹಾಗೆ ಆಗಿಬಿಟ್ಟಿತು. ಕಾರಣ ಬ್ಯಾಟರಿ. ರೆಕಾರ್ಡ್ ಮಾಡುವಾಗ ಬ್ಯಾಟರಿ ಇಳಿದರೆ ಟೇಪ್ ನಿಧಾನ ಓಡುತ್ತದೆ. ಅದನ್ನು ಸರಿಯಾದ ವೇಗದಲ್ಲಿ ಕೇಳಿದಾಗ ದನಿ ಏರಿ ಕೇಳಿಸುತ್ತದೆ. ತಿದ್ದಲು ಒಂದು ಆಧಾರ ಬೇಕಿತ್ತು. ಟೇಪಿನಲ್ಲಿ ಅವರ ಹಾರ್ಮೋನಿಯಂ ಕೇಳಿಸುತ್ತಿತ್ತು, ಅದೇ ಹಾರ್ಮೋನಿಯಂ ಈಗ ಅವರ ಮಗಳ ಮನೆಯಲ್ಲಿತ್ತು. ಪಾಠದಲ್ಲಿ ಅವರ ಷಡ್ಜ, ಅಂದರೆ ಹಾಡಿಗೆ ಆಧಾರವಾದ 'ಸ', ಯಾವಾಗಲೂ ಕಪ್ಪು ಒಂದು, ಹಾರ್ಮೋನಿಯಂನ ಮೊದಲ ಕಪ್ಪು ಮಣೆ. ಆ ಮಣೆ ಒತ್ತಿ ಹಿಡಿದು, ಅದಕ್ಕೆ ಟೇಪಿನ ಹಾರ್ಮೋನಿಯಂ ಕೂಡುವವರೆಗೆ ಐದೈದು ನಿಮಿಷದ ತುಣುಕು ಮಾಡಿ ವೇಗ ಇಳಿಸಿದೆ. ಒಂದು ಸ್ವರಸ್ಥಾನ, ಅಂದರೆ ಕಪ್ಪು ಬಿಳಿ ಎರಡೂ ಸೇರಿ ಒಂದು ಮಣೆಯಿಂದ ಪಕ್ಕದ ಮಣೆಗೆ, ವೇಗದಲ್ಲಿ ಹೆಚ್ಚುಕಡಿಮೆ ನೂರಕ್ಕೆ ಆರರ ವ್ಯತ್ಯಾಸ. ಮೂರು ದಿನದ ಕೆಲಸ. ಮುಗಿದಾಗ ಮೇಷ್ಟ್ರು ಕೋಣೆಯಲ್ಲಿ ಕೂತ ಹಾಗಾಯಿತು. ನನಗೆ ತುಂಬಾ ಹೆಮ್ಮೆಯಾಯಿತು.

ಆ ಹೆಮ್ಮೆಯಲ್ಲೇ ತಪ್ಪು ಮಾಡಿದೆ. 'ಮೆರವಣಿಗೆ, ಮಳೆ' ಕ್ಯಾಸೆಟ್ ತೆಗೆದೆ. ಒಳಗೆ ಘೋಷಣೆ, ನೀರಿನ ಸದ್ದು, ನೂರಾರು ಜನರ ಹೆಜ್ಜೆ. ನಡುವೆ ಮೇಷ್ಟ್ರು ಹಾಡುತ್ತಿದ್ದಾರೆ. ಆದರೆ ಷಡ್ಜ ಕಪ್ಪು ಒಂದರಲ್ಲಿ ಇಲ್ಲ. ಎರಡು ಸ್ವರಸ್ಥಾನ ಕೆಳಗೆ, ಕೆಳಗಿನ ಸಪ್ತಕದ ಕೊನೆಯ ಬಿಳಿ ಮಣೆಯಾದ ಬಿಳಿ ಏಳರಲ್ಲಿದೆ. ದನಿ ದಪ್ಪವಾಗಿ, ಭಾರವಾಗಿ ಕೇಳಿಸಿತು. ಇದರ ವೇಗವೂ ಕೆಟ್ಟಿದೆ ಅಂದುಕೊಂಡೆ. ಬ್ಯಾಟರಿ ಇಳಿದರೆ ಶ್ರುತಿ ಏರಬೇಕು, ಇಳಿಯಬಾರದು ಅಲ್ವಾ? ಅಷ್ಟು ಯೋಚನೆಯೂ ಬರಲಿಲ್ಲ. ನೂರಕ್ಕೆ ಹನ್ನೆರಡು ವೇಗ ಏರಿಸಿ ಕಪ್ಪು ಒಂದಕ್ಕೆ ತಂದು ಕೂರಿಸಿದೆ. ನುಡಿನಮನಕ್ಕೆ ಇದೇ ಹಾಡು ಅಂತ ತೀರ್ಮಾನಿಸಿದೆ.

ಕಾರ್ಯಕ್ರಮಕ್ಕೆ ಎರಡು ವಾರ ಇತ್ತು. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಒಬ್ಬ ಅಕ್ಕ ಇದ್ದಾರೆ. ಆ ಮೆರವಣಿಗೆಯಲ್ಲಿ ನಡೆದವರು. ಅವರಿಗೆ ಕೇಳಿಸೋಣ ಅಂತ ಹೋದೆ. ಕಿವಿಗೆ ಹೆಡ್‌ಫೋನ್ ಹಾಕಿ ಅವರ ಮುಖವನ್ನೇ ನೋಡುತ್ತಾ ಕೂತೆ. ಮುಖ ಅರಳಲಿಲ್ಲ. ಹೆಡ್‌ಫೋನ್ ತೆಗೆದರು.

'ಇದು ಯಾರ ದನಿ?'

'ಮೇಷ್ಟ್ರದ್ದು ಅಕ್ಕಾ.'

'ಅಲ್ಲಪ್ಪ. ಮೇಷ್ಟ್ರು ಮೆರವಣಿಗೇಲಿ ಇಷ್ಟು ಮೇಲೆ ಹಾಡ್ತಿರಲಿಲ್ಲ. ನಮಗೆ ಎಟುಕಬೇಕಲ್ಲ.'

ಆಮೇಲೆ ಅವರೇ ಬಿಡಿಸಿ ಹೇಳಿದರು. ಮೊದಮೊದಲು ಮೇಷ್ಟ್ರು ತಮ್ಮ ಶ್ರುತಿಯಲ್ಲೇ ಹಾಡುತ್ತಿದ್ದರಂತೆ. ಜನ ಸುಮ್ನೆ ಕೇಳುತ್ತಾ ನಡೆಯುತ್ತಿದ್ದರಂತೆ, ಹಾಡುತ್ತಿರಲಿಲ್ಲವಂತೆ. ಒಂದು ದಿನ ಮೇಷ್ಟ್ರು ನಡುವೆ ನಿಂತು, ನೀವೇ ಶುರು ಮಾಡಿ, ಎಲ್ಲಿ ಬರುತ್ತೋ ಅಲ್ಲಿಂದ ಅಂದರಂತೆ. ಹೆಂಗಸರು ಶುರು ಮಾಡಿದ ಜಾಗವನ್ನೇ ಹಿಡಿದು, ಅಂದಿನಿಂದ ತಮ್ಮ ದನಿ ಇಳಿಸಿಕೊಂಡರಂತೆ. ಸಾಲುಗಳನ್ನೂ ಮೊಟಕು ಮಾಡಿದರಂತೆ, ನಡೆಯುವವರಿಗೆ ಉಸಿರು ಸಾಲಬೇಕು ಅಂತ.

ಮನೆಗೆ ಬಂದು ಮೂಲ ಫೈಲ್ ತೆರೆದೆ. ಅದನ್ನು ಮುಟ್ಟದೆ ಇಟ್ಟಿದ್ದು ಎಷ್ಟು ಒಳ್ಳೆಯದಾಯಿತು. ಅಕ್ಕನ ಮಾತು ನಿಜ ಅಂತ ಮನಸ್ಸು ಹೇಳುತ್ತಿತ್ತು. ಆದರೂ ಟೇಪಿನಲ್ಲೇ ಸಾಕ್ಷಿ ಇದೆಯಾ ಅಂತ ಹುಡುಕಿದೆ. ಇತ್ತು. ಅದೇ ಬದಿಯ ಕೊನೆಯಲ್ಲಿ ಮೆರವಣಿಗೆ ಸಭೆಯಾಗಿ, ಮೇಷ್ಟ್ರು ಅದೇ ಹಾಡನ್ನು ಅದೇ ಶ್ರುತಿಯಲ್ಲಿ ಮೈಕಿನಲ್ಲಿ ಹಾಡುತ್ತಾರೆ. ಸಾಲುಗಳ ನಡುವೆ ಮೈಕ್‌ಸೆಟ್ಟಿನ ಗುಂಯ್ ಅನ್ನೋ ಸದ್ದು ಇದೆ. ಅದು ಕರೆಂಟಿನ ಸದ್ದು. ಕರೆಂಟ್ 50 ಹರ್ಟ್ಜ್ ಇರುವ ಕಡೆ ಈ ಗುಂಯ್ 50ರಲ್ಲಿ, ಇನ್ನೂ ಜೋರಾಗಿ 100ರಲ್ಲಿ ಬರಬೇಕು. ಸ್ಪೆಕ್ಟ್ರಮ್, ಅಂದರೆ ಎಷ್ಟು ಹರ್ಟ್ಜಿನ ಸದ್ದು ಎಷ್ಟು ಜೋರಾಗಿದೆ ಅಂತ ತೋರಿಸುವ ಚಿತ್ರ, ತೆಗೆದು ನೋಡಿದೆ. ಮೂಲ ಫೈಲಿನಲ್ಲಿ ಸರಿಯಾಗಿ 100ರ ಹತ್ತಿರ ಒಂದು ಮೊನೆ ಎದ್ದು ನಿಂತಿತ್ತು. ನಾನು ತಿದ್ದಿದ ಫೈಲಿನಲ್ಲಿ ಅದು 112ಕ್ಕೆ ಹೋಗಿತ್ತು. ಕರೆಂಟಿನ ಏರಿಳಿತ ಇದ್ದರೂ ಅಷ್ಟು ವ್ಯತ್ಯಾಸ ಬರೋದಿಲ್ಲ. ಟೇಪ್ ಸರಿಯಾಗಿಯೇ ಓಡಿತ್ತು. ಮೇಷ್ಟ್ರೇ ಕೆಳಗೆ ಹಾಡಿದ್ದರು.

ಆ ರಾತ್ರಿ ತುಂಬಾ ಹೊತ್ತು ಕೂತಿದ್ದೆ. ನನಗೆ ಗೊತ್ತಿದ್ದ ಮೇಷ್ಟ್ರು ಪಾಠದ ಕೋಣೆಯವರು. ರಸ್ತೆಯ ಮೇಷ್ಟ್ರನ್ನೂ ನಾನು ಆ ಕೋಣೆಗೇ ಎಳೆದು ತಂದಿದ್ದೆ. ಹಾಗಾಗಿ ಹೇಳುತ್ತೇನೆ, ನೀವು ಸಿದ್ಧ ಮಾಡಿದ್ದನ್ನು ಹತ್ತು ಜನರ ಮುಂದೆ ಇಡುವ ಮುಂಚೆ, ನಿಮಗೆ ಗೊತ್ತಿಲ್ಲದ ಕಡೆಯಿಂದ ಅವರನ್ನು ಕಂಡ ಒಬ್ಬರಿಗಾದರೂ ತೋರಿಸಿ.

ಎಲ್ಲವನ್ನೂ ಹೊರಗಿಡಲಿಲ್ಲ. ಮುಷ್ಕರದ ದಿನಗಳ ಪತ್ರಗಳಲ್ಲಿ ಹಲವರ ಹೆಸರಿತ್ತು. ಯಾರು ಯಾರ ಮನೆಯಲ್ಲಿ ಅಡಗಿದ್ದರು, ಯಾರು ಹೆದರಿ ಹಿಂದೆ ಸರಿದರು ಅನ್ನೋದೆಲ್ಲ ಇತ್ತು. ಅವರು, ಅವರ ಮಕ್ಕಳು ಇನ್ನೂ ಇದ್ದಾರೆ. ಆ ಪತ್ರಗಳನ್ನು ಲಕೋಟೆಯಲ್ಲಿ ಹಾಕಿ ಮನೆಯವರಿಗೇ ಕೊಟ್ಟೆ. ಫೋಟೋಗಳಲ್ಲೂ ಮುಖ ಗುರುತಾದವರನ್ನು ಕೇಳಿಯೇ ಬಳಸಿದೆ. ಒಬ್ಬರು ಬೇಡ ಅಂದರು. ತೆಗೆದುಬಿಟ್ಟೆ.

ಕಾರ್ಯಕ್ರಮದಲ್ಲಿ ನಾನು ಹತ್ತು ನಿಮಿಷ ಮಾತಾಡಲಿಲ್ಲ. ಮೊದಲು ಚಪ್ಪಾಳೆಯ ಲ.ಸಾ.ಅ. ಮಾಡಿಸಿದೆವು. ಹಳೇ ವಿದ್ಯಾರ್ಥಿಗಳು, ಈಗ ತಲೆ ನೆರೆತವರು, ಹನ್ನೆರಡಕ್ಕೆ ಸರಿಯಾಗಿ ಸೇರಿದರು. ಆಮೇಲೆ ಟೇಪ್ ಹಾಕಿದೆವು. ಹಾರ್ಮೋನಿಯಂ ಬಿಳಿ ಏಳರಲ್ಲಿ ಹಿಡಿದಿದ್ದೆ. ಮೇಷ್ಟ್ರ ಎರಡನೇ ಸಾಲಿಗೆ ಹಿಂದಿನಿಂದ ಅಕ್ಕನ ದನಿ ಎದ್ದಿತು. ಮೂರನೇ ಸಾಲಿಗೆ ಕೋಣೆಯಲ್ಲಿ ಹಾಡದೆ ಉಳಿದವರು ಬಹುಶಃ ಯಾರೂ ಇರಲಿಲ್ಲ. ಸಂಗೀತ ಬಾರದವರಿಗೂ ಅದು ಎಟುಕಿತು. ಜಗಳ ಆಡಿ ಬೇರೆಯಾಗಿದ್ದ ಆ ಹಿರಿಯರೂ ಕಿಟಕಿ ಹತ್ತಿರ ನಿಂತು ಹಾಡುತ್ತಿದ್ದರು.

ಮೂವತ್ತೆಂಟರಲ್ಲಿ ಇಪ್ಪತ್ತೇಳು ಕ್ಯಾಸೆಟ್ ಮುಗಿದಿವೆ. ನನ್ನ ನಂತರ ಯಾರು ಈ ಫೈಲುಗಳನ್ನು ತೆರೆಯುತ್ತಾರೋ ಗೊತ್ತಿಲ್ಲ. ಒಂದೊಂದಕ್ಕೂ ಒಂದು ಟಿಪ್ಪಣಿ ಬರೆದಿಡುತ್ತಿದ್ದೇನೆ. 'ಮೆರವಣಿಗೆ, ಮಳೆ' ಫೈಲಿನ ಟಿಪ್ಪಣಿಯಲ್ಲಿ ಹೀಗಿದೆ: 'ಜೊತೆಗೆ ನಡೆಯುವವರಿಗೆ ಎಟುಕಲಿ ಅಂತ ಶ್ರುತಿ ಇಳಿಸಿ ಹಾಡಿದ್ದಾರೆ. ವೇಗ ಸರಿ ಇದೆ. ತಿದ್ದಬೇಡಿ.'