ಹಳೇ ಜೋಡಿ ನಳಿಗೆ ಕೋವಿ ಬಿಚ್ಚಿದ್ದಾಯ್ತು, ಈಗ ವಾಪಸ್ ಜೋಡ್ಸೋದು ಹೆಂಗೆ

ಮೂಡಿಗೆರೆ, ಸಕಲೇಶಪುರ ಕಡೆ ಹಳೇ ತೋಟದ ಮನೆಗಳಲ್ಲಿ ಅಜ್ಜನ ಕಾಲದ ಇಂಗ್ಲೆಂಡ್ ಮೇಕ್ ಡಬಲ್ ಬ್ಯಾರಲ್ ಕೋವಿಗಳು ಇನ್ನೂ ಲೈಸೆನ್ಸಲ್ಲಿ ಇದಾವೆ, ಅದ್ರಲ್ಲೂ ಹೊರಗಡೆ ಎರಡು ಕುದುರೆ (ತೋಟಾ ಸಿಡಿಸೋಕೆ ಬಡಿಯೋ ಹ್ಯಾಮರ್) ಎದ್ದು ಕಾಣೋ, ಎರಡೂ ಪಕ್ಕದಲ್ಲಿ ಲಾಕ್ ಪ್ಲೇಟ್, ಅಂದ್ರೆ ಕುದುರೆ ಆಡ್ಸೋ ಪಾರ್ಟುಗಳನ್ನ ಕೂರ್ಸಿರೋ ತಗಡು, ಇರೋ ಮಾಡೆಲ್ಲು. ನಾನು ಬರೀತಿರೋದು ಅಂಥದ್ದರ ಬಗ್ಗೆ. ಕುದುರೆ ಒಳಗಡೆ ಇರೋ ಬಾಕ್ಸ್‌ಲಾಕ್ ಕೋವಿ ಲೆಕ್ಕಾಚಾರ ಬೇರೆ, ಅದಕ್ಕೆ ಇದನ್ನ ನೋಡ್ಕೊಂಡು ಕೈ ಹಾಕ್ಬೇಡಿ.

ಇನ್ನೊಂದು, 1959ರ ಆರ್ಮ್ಸ್ ಆಕ್ಟ್ ಪ್ರಕಾರ ಕೋವಿ ರಿಪೇರಿ ಮಾಡೋಕೂ ಲೈಸೆನ್ಸ್ ಬೇಕು, ಮತ್ತೆ ಕೊಡಗಲ್ಲಿ ಕೆಲವರಿಗೆ ಕೋವಿ ಲೈಸೆನ್ಸಿಂದ ಇರೋ ವಿನಾಯಿತಿ ನಮ್ಮ ಜಿಲ್ಲೆಗಳಿಗಿಲ್ಲ. ನಿಮ್ಮ ಲೈಸೆನ್ಸಲ್ಲಿರೋ ಕೋವಿನ ಒರೆಸಿ ಇದ್ದಿದ್ದನ್ನ ಇದ್ದಂಗೇ ಕೂರ್ಸೋದು ಒಂದು, ಅರ ಹಾಕಿ ಉಜ್ಜೋದು, ಪಾರ್ಟ್ ಬದಲಾಯ್ಸೋದು ಇನ್ನೊಂದು. ಎರಡನೇದು ಲೈಸೆನ್ಸ್ ಇರೋ ಗನ್‌ಸ್ಮಿತ್ ಕೆಲಸ, ಅದನ್ನ ಅವ್ರಿಗೇ ಬಿಡಿ.

ಈ ಕೆಲಸಕ್ಕೆ ಫೆಬ್ರವರಿ ಮಾರ್ಚ್ ಸರಿಯಾದ ಟೈಮು. ಆಷಾಢದಲ್ಲಿ ಕೂತ್ರೆ ಸ್ಟಾಕಿನ, ಅಂದ್ರೆ ಹಿಡಿಯ ಮರ ಊದ್ಕೊಂಡಿರತ್ತೆ, ಸಲೀಸಾಗಿ ಕೂರ್ಬೇಕಾದ ಕಬ್ಬಿಣ ಒಳಗೇ ಹೋಗಲ್ಲ, ಆಗ ಸುತ್ತಿಗೆ ತಗೊಳ್ಳೋಣ ಅನ್ನಿಸತ್ತೆ, ಅಲ್ಲಿಗೆ ಮರ ಸೀಳ್ತು ಅಂತ ಲೆಕ್ಕ. ಸ್ಕ್ರೂಡ್ರೈವರು ಅಂಗಡೀಲಿ ಸಿಗೋ ದಪ್ಪ ಬಾಯಿದು ಆಗಲ್ಲ. ಈ ಕೋವಿಗಳ ತಿರುಪಿನ ತಲೆ ಮೇಲಿರೋ ಗೀರು ತುಂಬಾ ಸಣ್ಣ, ಬಾಯಿನ ಆ ಗೀರಿಗೆ ತಕ್ಕಂಗೆ ತೆಳ್ಳಗೆ ಸಮ ಮಾಡ್ಸಿ ಇಟ್ಕೊಳ್ಳಿ. ಮತ್ತೆ ಎಲ್ಲಾ ಪಾರ್ಟೂ ಕೈಯಲ್ಲಿ ಅರ ಹಾಕಿ ಮಾಡಿದ್ದು, ಎಡಗಡೆ ತಿರುಪು ಬಲಗಡೆಗೆ ಹೋದಂಗೆ ಕಂಡ್ರೂ ಪೂರ್ತಿ ಕೂರಲ್ಲ. ಎಡ ಬಲ ಬೇರೆ ಬೇರೆ ಡಬ್ಬೀಲಿ ಇಟ್ಟಿದೀರ ಅಂತ ಅಂದ್ಕೊಂಡು ಮುಂದಕ್ಕೆ ಹೋಗ್ತೀನಿ.

ಶುರು ಲಾಕ್‌ನಿಂದ. ಪ್ಲೇಟನ್ನ ಒಳಮುಖ ಮೇಲೆ ಮಾಡಿ ಮಲಗ್ಸಿ. ಟಂಬ್ಲರ್, ಅಂದ್ರೆ ಕುದುರೆ ಜೊತೆ ತಿರುಗೋ ದಪ್ಪ ಪಾರ್ಟು, ಅದರ ಚೌಕದ ತುದಿ ಪ್ಲೇಟಿನ ತೂತಿಂದ ಆಚೆ ಬರೋ ಹಂಗೆ ಹಾಕಿ. ಪಕ್ಕದಲ್ಲಿ ಸಿಯರ್, ಇದು ಟಂಬ್ಲರಿನ ಕಚ್ಚಿಗೆ ಸಿಕ್ಕಿ ಕುದುರೆನ ತಡೆದು ಹಿಡಿಯೋ ಕೊಕ್ಕೆ. ಇವೆರಡರ ಮೇಲೆ ಬ್ರೈಡಲ್ ಅನ್ನೋ ಸೇತುವೆ ತರದ ತುಂಡು, ಅದರ ತಿರುಪು ಬಿಗಿದ ಮೇಲೂ ಟಂಬ್ಲರ್ ಬೆರಳಲ್ಲಿ ತಳ್ಳಿದ್ರೆ ಆರಾಮಾಗಿ ಆಡ್ಬೇಕು. ಆಮೇಲೆ ಸಿಯರ್ ಸ್ಪ್ರಿಂಗ್. ಕಡೇದಾಗಿ ಮೇನ್ ಸ್ಪ್ರಿಂಗ್, ಕೈ ಕೊಯ್ಯೋದು, ಕಣ್ಣಿಗೆ ಹಾರೋದು ಇದೇನೇ, ಕನ್ನಡಕ ಹಾಕ್ಕೊಳ್ಳಿ. ಇದು ವಿ ಆಕಾರದ್ದು, ಸ್ಪ್ರಿಂಗ್ ಕ್ಲಾಂಪಲ್ಲಿ ಎಷ್ಟು ಬೇಕೋ ಅಷ್ಟೇ ಅದುಮ್ಬೇಕು, ಎರಡು ಕಾಲೂ ಒಂದಕ್ಕೊಂದು ಮುಟ್ಟೋ ತನಕ ಹಿಚುಕಿದ್ರೆ ನೂರು ವರ್ಷದ ಉಕ್ಕು ಪಟ್ ಅನ್ನತ್ತೆ, ಅದಕ್ಕೆ ಸಮನಾದ್ದು ರೆಡಿಮೇಡ್ ಸಿಗಲ್ಲ. ಟಂಬ್ಲರ್ ಇಳಿದಿರೋ ಸ್ಥಿತೀಲೇ ಸ್ಪ್ರಿಂಗಿನ ಕೊಕ್ಕೆನ ಅದರ ಕೊಂಡಿಗೆ ಸಿಗ್ಸಿ, ಇನ್ನೊಂದು ಕಾಲಿನ ಮೊಳೆನ ಪ್ಲೇಟಿನ ತೂತಿಗೆ ಕೂರ್ಸಿ, ನಿಧಾನಕ್ಕೆ ಕ್ಲಾಂಪ್ ಸಡಿಲ ಮಾಡಿ. ಕುದುರೆನ ಚೌಕದ ಮೇಲಿಟ್ಟು ಮರದ ತುಂಡಿಂದ ಮೆಲ್ಲಗೆ ತಟ್ಟಿ ತಿರುಪು ಹಾಕಿ.

ಈಗ ಕುದುರೆ ಎಳೆದು ನೋಡಿ, ಅರ್ಧಕ್ಕೊಂದು ಕ್ಲಿಕ್, ಪೂರ್ತಿಗೊಂದು ಕ್ಲಿಕ್ ಚೊಕ್ಕವಾಗಿ ಕೇಳ್ಬೇಕು. ಇಳಿಸುವಾಗ ಕುದುರೆನ ಹೆಬ್ಬೆರಳಲ್ಲಿ ಹಿಡ್ಕೊಂಡೇ ಸಿಯರ್ ಒತ್ತಿ, ಲಾಕ್ ಹೊರಗಿದ್ದಾಗ ಧಡಕ್ಕಂತ ಬಿಡ್ಬೇಡಿ, ಹೊಡ್ತ ತಡ್ಕೊಳ್ಳೋಕೆ ಎದುರಿಗೆ ಏನೂ ಇರಲ್ಲ, ಟಂಬ್ಲರೇ ಮುರಿಬಹುದು.

ಟಾಪ್ ಲಿವರ್, ಅಂದ್ರೆ ಕೋವಿ ತೆರೆಯೋಕೆ ಮೇಲಿರೋ ಲಿವರ್, ಆ ಭಾಗ ಬಿಚ್ಚಿದ್ರೆ ಮೊದ್ಲು ಕೆಳಗಿನ ಬೋಲ್ಟು, ಆಮೇಲೆ ಅದನ್ನ ಆಡ್ಸೋ ಸ್ಪಿಂಡಲ್, ಲಿವರ್, ಅದರ ಸ್ಪ್ರಿಂಗ್. ಬಿಚ್ಚಿಲ್ಲ ಅಂದ್ರೆ ಅದರ ತಂಟೆಗೇ ಹೋಗ್ಬೇಡಿ.

ಸ್ಟಾಕನ್ನ ಆಕ್ಷನ್‌ಗೆ, ಅಂದ್ರೆ ನಳಿಗೆ ಕೂರೋ ಕಬ್ಬಿಣದ ಮೈಗೆ, ನೇರವಾಗಿ ತಳ್ಳಿ ಕೂರ್ಸಿ. ಮರ ಕಬ್ಬಿಣದ ಮಧ್ಯೆ ಸಂದಿ ಇದ್ರೆ ತಿರುಪಿಂದ ಎಳೆದು ಮುಚ್ಚೋಕೆ ಹೋಗ್ಬಾರ್ದು, ಒಳಗಡೆ ಏನೋ ಅಡ್ಡ ಇದೆ ಅಂತ ಅರ್ಥ. ಕೆಳಗಿಂದ ಟ್ರಿಗರ್ ಪ್ಲೇಟು, ಲಿವರ್ ಪಕ್ಕಕ್ಕೆ ಸರ್ಸಿ ಅದರಡಿ ಮೇಲಿಂದ ಇಳಿಯೋ ಉದ್ದ ತಿರುಪು, ಹಿಂದೆ ಇನ್ನೊಂದು. ಎರಡನ್ನೂ ಸ್ವಲ್ಪ ಸ್ವಲ್ಪ ಅದಲು ಬದಲು ಬಿಗಿರಿ. ತಿರುಪಿನ ಗೀರು ನೋಡ್ತಾ ಇರಿ, ಒಳ್ಳೇ ಕೆಲಸದ ಕೋವೀಲಿ ಪೂರ್ತಿ ಬಿಗಿದಾಗ ಗೀರು ನಳಿಗೆ ಉದ್ದಕ್ಕೇ ನೇರ ನಿಲ್ಲತ್ತೆ. ಅದಕ್ಕೆ ಮುಂಚೆಯೇ ಕಚ್ಕೊಂಡ್ರೆ ತಿರುಪೇ ತಪ್ಪು ಜಾಗದ್ದು, ಇಲ್ಲಾ ಏನೋ ಕೂತಿಲ್ಲ.

ಲಾಕ್ ಕೂರ್ಸುವಾಗ ಕುದುರೆ ಅರ್ಧ ಎಳೆದಿರ್ಲಿ, ಇಲ್ಲಾಂದ್ರೆ ಅದರ ಮೂಗು ತೋಟಾಗೆ ಹೊಡಿಯೋ ಪಿನ್ನಿಗೆ ತಾಗತ್ತೆ. ಬೆರಳಿನ ಒತ್ತಡಕ್ಕೇ ಪ್ಲೇಟು ಮರದ ಸಮಕ್ಕೆ ಬರ್ಬೇಕು. ಇಲ್ಲಿ ಒಂದು ನಿಮಿಷ ನಿಂತ್ಕೊಳ್ಳಿ, ಯಾಕಂದ್ರೆ ಅಪಾಯ ಇರೋದೇ ಇಲ್ಲಿ. ಟ್ರಿಗರಿನ ಮೇಲ್ತುದಿಗೂ ಸಿಯರಿನ ಬಾಲಕ್ಕೂ ಮಧ್ಯೆ ಕೂದಲೆಳೆಯಷ್ಟಾದ್ರೂ ಆಟ ಇರ್ಬೇಕು. ಟ್ರಿಗರ್ ಪ್ಲೇಟು ಒಳಗೆ ಜಾಸ್ತಿ ಹೋಗಿ ಟ್ರಿಗರ್ ಸಿಯರಿಗೆ ಒತ್ಕೊಂಡಿದ್ರೆ ಸಿಯರ್ ಕಚ್ಚಲ್ಲಿ ಪೂರ್ತಿ ಕೂತಿರಲ್ಲ, ಅಂಥ ಕೋವಿ ಎಡವಿದ್ರೂ ಹಾರತ್ತೆ. ಹಂಗೇ ಊದಿದ ಮರ ಸಿಯರಿನ ಬಾಲಕ್ಕೆ ಉಜ್ಜಿದ್ರೆ ಕುದುರೆ ಒಂದ್ಸಲ ನಿಲ್ಲತ್ತೆ ಒಂದ್ಸಲ ಇಲ್ಲ. ಈ ಎರಡರಲ್ಲಿ ಯಾವ್ದು ಕಂಡ್ರೂ ಬಿಚ್ಚಿ ಗನ್‌ಸ್ಮಿತ್ ಹತ್ರ ತಗೊಂಡ್ಹೋಗಿ. ಸರಿ ಇದ್ರೆ ಪಕ್ಕದ ತಿರುಪು ಹಾಕಿ, ಟ್ರಿಗರ್ ಗಾರ್ಡು ತುಂಬಾ ಕೋವೀಲಿ ತಿರುಗ್ಸೇ ಹಾಕೋದು, ಹಿಂದೆ ಮರದ ತಿರುಪು.

ನಳಿಗೆ ಸಿಗ್ಸೋ ಮುಂಚೆ ಕೆಳಗಿನ ಕೊಕ್ಕೆಯಿಂದ ನೇತಾಕಿ ಬೆರಳ ಗೆಣ್ಣಲ್ಲಿ ತಟ್ಟಿ, ಗಂಟೆ ತರ ಕಣ್ ಅಂದ್ರೆ ಪರ್ವಾಗಿಲ್ಲ, ಮಂಕಾಗಿ ಕೇಳಿದ್ರೆ ನಡುವಿನ ಪಟ್ಟಿ ಬೆಸುಗೆ ಬಿಟ್ಟಿರಬಹುದು. ಮುಂದಿನ ಮರ ಹಾಕದೇ ಕೋವಿ ಮುಚ್ಚಿ ಅಲ್ಲಾಡ್ಸಿ ನೋಡಿ, ಬೆಳಕಿಗೆ ಹಿಡಿದು ನಳಿಗೆ ಆಕ್ಷನ್ ಮಧ್ಯೆ ಸಂದಿ ಇದ್ಯಾ ನೋಡಿ. ಆಮೇಲೆ ಎರಡೂ ನಳಿಗೆಗೆ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಡಮ್ಮಿ ತೋಟಾ) ಹಾಕಿ, ನಿಜವಾದ ತೋಟಾ ಆ ರೂಮಲ್ಲೇ ಇರ್ಬಾರ್ದು, ಎರಡೂ ಕುದುರೆ ಎಳೆದು ಮುಂದಿನ ಟ್ರಿಗರ್ ಒತ್ತಿ, ಬಲಗಡೆದು ಮಾತ್ರ ಬೀಳ್ಬೇಕು. ಎರಡೂ ಎಳೆದಿಟ್ಟು ಹಿಡಿಯ ತಳಾನ ಗೋಣಿಚೀಲದ ಮೇಲೆ ಕುಟ್ಟಿ, ಯಾವ್ದೂ ಬೀಳ್ಬಾರ್ದು.

ಎಣ್ಣೆ ವಿಷಯದಲ್ಲಿ ನಮ್ಮೂರಲ್ಲಿ ಕೊಬ್ಬರಿ ಎಣ್ಣೆ ಹಚ್ಚೋ ಅಭ್ಯಾಸ ಇದೆ, ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿ ಆಗತ್ತೆ, ಡಿಸೆಂಬರಲ್ಲಿ ಲಾಕ್ ಒಳಗೆ ಮೇಣ ಕೂತಂಗಿರತ್ತೆ. ಹೊಲಿಗೆ ಮಿಷನ್ ಎಣ್ಣೆ ಒಂದೊಂದು ತೊಟ್ಟು ಸಾಕು. ಕೋವಿನ ಬಾಯಿ ಕೆಳಗೆ ಮಾಡಿ ಇಡಿ, ಇಲ್ಲಾಂದ್ರೆ ಎಣ್ಣೆ ಇಳಿದು ಸ್ಟಾಕಿನ ಮರ ಮೆತ್ತಗಾಗತ್ತೆ.

ಜೋಡ್ಸಿದ ಮಾತ್ರಕ್ಕೆ ಹೊಡಿಯೋ ಕೋವಿ ಆಯ್ತು ಅಂತಲ್ಲ. ನಳಿಗೆ ಮೇಲೆ ಅಲೆ ಅಲೆ ನಕ್ಷೆ ಇರೋ ಡಮಾಸ್ಕಸ್ ಆದ್ರೆ, ನೈಟ್ರೋ ಪ್ರೂಫ್ ಮುದ್ರೆ (ಈಗಿನ ಹೊಗೆ ಬಾರದ ಮದ್ದಿಗೆ ಪರೀಕ್ಷೆ ಮಾಡಿ ಒತ್ತಿದ ಗುರುತು) ಇಲ್ದೇ ಇದ್ರೆ, ಈಗಿನ ತೋಟಾ ಹಾಕೋ ಯೋಚ್ನೆನೇ ಬೇಡ. ಮುದ್ರೆ ಇದ್ರೂ ಎಷ್ಟೋ ಹಳೇ ಹನ್ನೆರಡು ಬೋರಿನ ಚೇಂಬರು, ಅಂದ್ರೆ ತೋಟಾ ಕೂರೋ ಜಾಗ, ಎರಡೂವರೆ ಇಂಚಿಂದು, ಈಗ ಅಂಗಡೀಲಿ ಬರೋದು ಜಾಸ್ತಿ ಎರಡೂ ಮುಕ್ಕಾಲು. ಕೂರತ್ತೆ, ಆದ್ರೆ ಹೊಡೆದಾಗ ತೋಟಾದ ಬಾಯಿ ಬಿಚ್ಕೊಳ್ಳೋಕೆ ಜಾಗ ಸಾಲ್ದೆ ಒತ್ತಡ ಏರತ್ತೆ. ಅಳತೆ ಮಾಡ್ಸಿ, ನಳಿಗೆ ಗೋಡೆ ದಪ್ಪಾನೂ ಅಲ್ಲೇ ನೋಡ್ಸಿ.