ಉಳಿದ ಮಾತ್ರೆ ವಾಪಸ್ ತರಲು ಹೋದಾಗ

ನಾನು ಮನೆಮನೆಗೆ ಹೋಗುವ ನರ್ಸ್. ಮಂಡ್ಯ ಸುತ್ತಮುತ್ತಲ ಹಳ್ಳಿಗಳಲ್ಲಿ ವಾಸಿಯಾಗದ ಕ್ಯಾನ್ಸರ್ ಇರುವವರ ನೋವು ಕಡಿಮೆ ಮಾಡುವುದು, ಹುಣ್ಣು ತೊಳೆದು ಡ್ರೆಸ್ಸಿಂಗ್ ಮಾಡುವುದು, ಮಾತ್ರೆ ಹೇಗೆ ಕೊಡಬೇಕೆಂದು ಮನೆಯವರಿಗೆ ಹೇಳಿಕೊಡುವುದು ನನ್ನ ಕೆಲಸ. ರೋಗಿ ತೀರಿಕೊಂಡ ಮೇಲೆ ಮನೆಯವರ ಜೊತೆ ಹೇಗಿರಬೇಕು ಅನ್ನುವುದನ್ನು ಮಾತ್ರ ನಾನು ತುಂಬಾ ತಡವಾಗಿ ಕಲಿತೆ. ಅದೂ ತೀವ್ರ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆಯ ನೆಪದಲ್ಲಿ.

ಮಾರ್ಫಿನ್‌ನ ಒಂದೊಂದು ಮಾತ್ರೆಗೂ ಲೆಕ್ಕ ಇರುತ್ತದೆ. ರೋಗಿ ಹೋದ ಮೇಲೆ ಉಳಿದದ್ದನ್ನು ನಾವು ವಾಪಸ್ ತರುತ್ತೇವೆ. ಮೊದಮೊದಲು ನಾನು ಮೂರನೇ ದಿನ, ಹಾಲುತುಪ್ಪದ ಹೊತ್ತಿಗೇ ಹೋಗಿಬಿಡುತ್ತಿದ್ದೆ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮನೆ ತುಂಬ ಜನ. ಮಾತ್ರೆ ಎಣಿಸಿ, ಸಹಿ ಹಾಕಿಸಿಕೊಂಡು, "ಧೈರ್ಯ ತಗೊಳ್ಳಿ, ಜಾಸ್ತಿ ನರಳದೆ ಹೋದರಲ್ಲ" ಎಂದು ಹೇಳಿ ಬರುತ್ತಿದ್ದೆ. ಕೇಳಿದವರು ತಲೆ ಆಡಿಸುತ್ತಿದ್ದರು. ಮಾತು ಅಲ್ಲಿಗೇ ನಿಂತುಹೋಗುತ್ತಿತ್ತು.

ಒಮ್ಮೆ ನನಗೆ ಜ್ವರ ಬಂದು, ಆಮೇಲೆ ರಜೆ ಹಾಕಿ, ಒಂದು ಮನೆಗೆ ಹೋಗುವುದು ಒಂದೂವರೆ ತಿಂಗಳು ತಡವಾಯಿತು. (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.) ಆ ಮನೆಯ ತಾತನ ಹೆಂಡತಿ ತೀರಿಕೊಂಡಿದ್ದರು. ತಾತ ಒಬ್ಬರೇ ಜಗಲಿ ಮೇಲೆ ಕೂತಿದ್ದರು. ತಿಥಿ ಮುಗಿದು ನೆಂಟರೆಲ್ಲ ಅವರವರ ಊರು ಸೇರಿಕೊಂಡಿದ್ದರು. ಮಗ, ಸೊಸೆ ಕೆಲಸಕ್ಕೆ ಹೋಗಿದ್ದರು. ಮಾತ್ರೆ ಡಬ್ಬಿ ತಂದು ಕೊಟ್ಟರು. ನಾನು ಎಣಿಸುತ್ತಿದ್ದೆ. ಮಧ್ಯಾಹ್ನ 2 ಗಂಟೆ. ಅವರ ಜೇಬಿನಲ್ಲಿದ್ದ ಬಟನ್ ಫೋನ್ ಕಿರುಚಿತು. ತಾತ ಎದ್ದು ಒಳಗೆ ಹೋಗಿ ಒಂದು ಲೋಟ ನೀರು ತಂದರು. ತಂದವರು ಬಾಗಿಲಲ್ಲೇ ನಿಂತರು. ಆ ಲೋಟ ಎಲ್ಲಿಡಬೇಕೆಂದು ಅವರಿಗೆ ಗೊತ್ತಾಗಲಿಲ್ಲ.

ಆ ಅಲಾರಂ ಇಟ್ಟವಳು ನಾನೇ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಮಾರ್ಫಿನ್ ನಾಲ್ಕು ಗಂಟೆಗೊಮ್ಮೆ ಕೊಡಬೇಕು. ನಡುರಾತ್ರಿ ಎಬ್ಬಿಸಬಾರದೆಂದು ರಾತ್ರಿ 10ಕ್ಕೆ ಎರಡು ಪಾಲು ಒಟ್ಟಿಗೆ. ಅಜ್ಜಿ ಹೋದರೂ ಅಲಾರಂ ಹಾಗೇ ಉಳಿದಿತ್ತು.

ನಾನು ಎಣಿಸುವುದನ್ನು ಬಿಟ್ಟೆ. ಲೋಟ ಇಸ್ಕೊಂಡು ನೀರು ಕುಡಿದೆ. "ಆ ರಾತ್ರಿ ಏನಾಯ್ತು ತಾತ?" ಎಂದೆ. ಅಷ್ಟೇ ನಾನು ಕೇಳಿದ್ದು.

ಅವರು ಅರ್ಧ ಗಂಟೆ ಮಾತಾಡಿದರು. ಗಂಜಿ ಎಷ್ಟು ಗುಟುಕು ಕುಡಿದಳು, ಯಾವ ಪಕ್ಕಕ್ಕೆ ಮಲಗಿಸಿದರು, ಎಲ್ಲ. ಕೊನೆಗೆ, "ಹತ್ತಕ್ಕೆ ಎರಡು ಮಾತ್ರೆ ನಾನೇ ಕೊಟ್ಟೆ. ಬೆಳಗ್ಗೆ ನೋಡಿದ್ರೆ ಇರ್ಲಿಲ್ಲ. ನಾನೇ ಕೊಂದ್ನಾ ಸಿಸ್ಟರಮ್ಮ?" ಎಂದರು.

ಒಂದೂವರೆ ತಿಂಗಳು ಈ ಮಾತನ್ನು ಒಳಗೆ ಇಟ್ಟುಕೊಂಡು ಆ ಮನುಷ್ಯ ಉಂಡಿದ್ದಾರೆ, ಮಲಗಿದ್ದಾರೆ, ತಿಥಿ ಮಾಡಿದ್ದಾರೆ. ನನಗೆ ಉತ್ತರ ಗೊತ್ತಿತ್ತು. ನೋವಿಗೆ ತಕ್ಕಷ್ಟೇ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ. ಕಾಯಿಲೆಯಿಂದ ಹೋದರು, ನೋವಿಲ್ಲದೆ ನಿದ್ದೆ ಮಾಡಿದ್ದು ನಿಮ್ಮ ಕೈಯಿಂದ ಎಂದು ಹೇಳಿದೆ. ಇನ್ನೂ ಎರಡು ಸಲ ಅದನ್ನೇ ಕೇಳಿದರು. ಎರಡು ಸಲವೂ ಅದೇ ಮಾತು ಹೇಳಿದೆ. ಮೂರನೇ ದಿನ ಬಂದಿದ್ದರೆ ಅವರು ಇದನ್ನು ಕೇಳುತ್ತಿರಲಿಲ್ಲ. ಕೇಳುವಷ್ಟು ಜಾಗವನ್ನೂ ನಾನು ಕೊಡುತ್ತಿರಲಿಲ್ಲ.

ಆವತ್ತಿನಿಂದ ನನ್ನ ಡೈರಿಯಲ್ಲಿ ಎರಡು ದಿನ ಬರೆದಿಟ್ಟುಕೊಳ್ಳುತ್ತೇನೆ. ತಿಥಿ ಕಳೆದ ಒಂದು ತಿಂಗಳಿಗೆ ಒಂದು, ವರ್ಷದ ತಿಥಿಯ ಆಸುಪಾಸಿಗೆ ಇನ್ನೊಂದು. ಮೊದಲ ಹನ್ನೊಂದು ದಿನ ಊರೇ ನೋಡಿಕೊಳ್ಳುತ್ತದೆ. ಒಲೆ ಹಚ್ಚದ ಮನೆಗೆ ಅಕ್ಕಪಕ್ಕದವರು ಊಟ ತರುತ್ತಾರೆ. ನಮ್ಮವರಿಗೆ ಅದು ಚೆನ್ನಾಗಿ ಗೊತ್ತು. ಆಮೇಲೆ ಯಾರೂ ಇರುವುದಿಲ್ಲ, ಅಲ್ವಾ? ಆಗ ಹೋಗಬೇಕು. ಹೋಗಿ, ತೀರಿಕೊಂಡವರ ಹೆಸರು ಹಿಡಿದೇ ಮಾತಾಡಬೇಕು. ಹೆಸರೆತ್ತಿದರೆ ಅಳುತ್ತಾರೆ ಎಂದು ಜನ ಹೆದರುತ್ತಾರೆ. ಯಾರೂ ಹೆಸರೆತ್ತದಿದ್ದಾಗ ಅವರು ಒಳಗೊಳಗೇ ಇನ್ನೂ ಜಾಸ್ತಿ ಅಳುತ್ತಿರುತ್ತಾರೆ.

ತರಬೇತಿಯಲ್ಲಿ ನಮಗೆ ದುಃಖದ ಐದು ಹಂತ ಹೇಳಿಕೊಟ್ಟಿದ್ದರು: ನಂಬದಿರುವುದು, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು. 1969ರಲ್ಲಿ ಎಲಿಜಬೆತ್ ಕುಬ್ಲರ್-ರಾಸ್ ಎಂಬ ವೈದ್ಯೆ ಅದನ್ನು ಬರೆದದ್ದು ಸಾವಿನ ಹತ್ತಿರ ಇದ್ದ ರೋಗಿಗಳನ್ನು ಮಾತಾಡಿಸಿ. ಸತ್ತವರ ಮನೆಯವರಿಗೆ ಅದನ್ನು ಹಚ್ಚಿದ್ದು ಆಮೇಲೆ. ನಾನು ನೋಡಿದ ಮನೆಗಳಲ್ಲಿ ಯಾರೂ ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಹಂತ ದಾಟಲಿಲ್ಲ. ಅದೇ ತಾತ ಕಣ್ಣೊರೆಸಿಕೊಂಡು ಐದು ನಿಮಿಷಕ್ಕೆ ಬೂಸಾ ಮೂಟೆಯ ರೇಟಿನ ಬಗ್ಗೆ ಮಾತಾಡಿ ನಕ್ಕರು. ಮತ್ತೆ ಅತ್ತರು. ನೆದರ್ಲೆಂಡ್ಸಿನ ಮಾರ್ಗರೆಟ್ ಸ್ಟ್ರೋಬೆ, ಹೆಂಕ್ ಶೂಟ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು 1999ರಲ್ಲಿ ಇದನ್ನೇ ಹೇಳಿದ್ದಾರೆ: ಮನಸ್ಸು ದುಃಖಕ್ಕೂ ದಿನದ ಬದುಕಿಗೂ ನಡುವೆ ಹೋಗಿ ಬಂದು ಮಾಡುತ್ತಿರುತ್ತದೆ. ಆದ್ದರಿಂದ ನಕ್ಕವರನ್ನು ನೋಡಿ "ಇಷ್ಟು ಬೇಗ ಮರೆತರಾ" ಎಂದು ದಯವಿಟ್ಟು ಯಾರೂ ಅನ್ನಬೇಡಿ.

ಮಕ್ಕಳ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ. ಒಂದು ಮನೆಯಲ್ಲಿ ಐದು ವರ್ಷದ ಹುಡುಗಿಗೆ "ಅಮ್ಮ ಮಲಗಿದ್ದಾಳೆ" ಎಂದು ಹೇಳಿದ್ದರು. ಆ ಮಗು ರಾತ್ರಿ ಕಣ್ಣು ಮುಚ್ಚಲು ಹೆದರುತ್ತಿತ್ತು. ಅಪ್ಪ ಮಲಗಿದರೆ ಎಬ್ಬಿಸುತ್ತಿತ್ತು. "ಸತ್ತುಹೋದರು, ಮೈ ಕೆಲಸ ಮಾಡುವುದು ನಿಂತಿತು, ವಾಪಸ್ ಬರಲ್ಲ, ಇದು ನಿನ್ನ ತಪ್ಪಲ್ಲ" ಎಂದು ಹೇಳಿಬಿಡಿ. ಮಗು ಅದನ್ನೇ ಹತ್ತು ಸಲ ಕೇಳುತ್ತದೆ. ಹತ್ತು ಸಲವೂ ಹೇಳಿ.

"ಏನಾದರೂ ಬೇಕಿದ್ದರೆ ಹೇಳಿ" ಅನ್ನುವುದನ್ನೂ ಬಿಟ್ಟಿದ್ದೇನೆ. ಯಾರೂ ಹೇಳುವುದಿಲ್ಲ. ಸಾವನ್ನು 21 ದಿನದೊಳಗೆ ನೋಂದಾಯಿಸಿದ್ದಾರಾ ಎಂದು ಕೇಳುತ್ತೇನೆ. ಬ್ಯಾಂಕಿಗೆ, ಪಿಂಚಣಿಗೆ ಮರಣ ಪ್ರಮಾಣಪತ್ರ ಬೇಕಲ್ಲ. ಅರ್ಜಿ ತುಂಬಿ ಕೊಡುತ್ತೇನೆ.

ಕೆಲವರಿಗೆ ಇಷ್ಟು ಸಾಲದು. ವರ್ಷ ಕಳೆದರೂ ಮೊದಲ ವಾರದಷ್ಟೇ ಸಂಕಟ, ಮನೆ ಬಿಟ್ಟು ಹೊರಗೇ ಬಾರದ ಸ್ಥಿತಿ ಇದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. "ನಾನೂ ಅವರ ಹಿಂದೆ ಹೋಗ್ತೀನಿ" ಎಂದವರ ಹತ್ತಿರ, "ಸಾಯಬೇಕು ಅನ್ನಿಸ್ತಿದೆಯಾ?" ಎಂದು ನೇರವಾಗಿ ಕೇಳುತ್ತೇನೆ. ಹೌದು ಎಂದರೆ ಒಬ್ಬರನ್ನೇ ಬಿಟ್ಟು ಬರುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅಲ್ಲಿಂದಲೇ ಫೋನ್ ಮಾಡಿಸುತ್ತೇನೆ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ತಾತನ ಮನೆಗೆ ವರ್ಷದ ತಿಥಿ ಆದ ಮೇಲೆ ಹೋದೆ. ಜಗಲಿಯಲ್ಲಿ ಕೂತು ಟೀ ಕುಡಿದೆವು. 2 ಗಂಟೆ ಆಯಿತು. ಫೋನ್ ಸುಮ್ಮನಿತ್ತು. ನಾನೇನೂ ಕೇಳಲಿಲ್ಲ. ಅವರೇ ಹೇಳಿದರು: "ನಾಕು ತೆಗ್ಸುಬುಟ್ಟೆ, ಮೊಮ್ಮಗನ ಕೈಲಿ. ಬೆಳಗ್ಗೆ ಆರರದ್ದು ಇರ್ಲಿ ಅಂದೆ. ಡೈರಿಗೆ ಹಾಲು ಹಾಕಕ್ಕೆ ಅವಳೇ ಹೋಯ್ತಿದ್ಲು. ಈಗ ನಾನು ಹೋಗ್ಬೇಕಲ್ಲ."